ದೂರ ಹೋಗದ ಹೂವಿಗೆ ಪೇಟೆಯಲ್ಲೊಂದು ಕಟ್ಟೆ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಿಮ್ಮ ಕೃಷಿ ಪುಟದಲ್ಲಿ ಈಚೆಗೆ ಬಂದ ಪುಷ್ಪ ಕೃಷಿಯ ಲೇಖನವನ್ನು ಎರಡು ಸಲ ಓದಿದೆ. ಪಾಲಿಹೌಸ್, ಹನಿ ನೀರಾವರಿ, ಜರ್ಬೆರಾ, ಡಚ್ ಗುಲಾಬಿ, ಬೆಂಗಳೂರಿನ ಹೆಬ್ಬಾಳದ ಹೂವಿನ ಹರಾಜು ಎಲ್ಲ ಅದರಲ್ಲಿತ್ತು. ಬಂಡವಾಳ ಹಾಕುವ ಶಕ್ತಿ ಇದ್ದವರಿಗೆ ಅದು ಉಪಯೋಗದ ಲೇಖನವೇ. ಆದರೆ ಹಿತ್ತಿಲಿನಲ್ಲಿ ಎರಡು ಮೂರು ಗುಂಟೆ ಜಾಗ ಇಟ್ಟುಕೊಂಡು, ಬೆಳಿಗ್ಗೆ ಹೂ ಕೊಯ್ದು ಹತ್ತಿರದ ಪೇಟೆಗೆ ಒಯ್ದು ನಾಲ್ಕು ಕಾಸು ಮಾಡಿಕೊಳ್ಳುವ ಹೆಂಗಸರೂ ಹೂ ಬೆಳೆಗಾರರೇ. ನಮ್ಮ ಸುದ್ದಿ ಅಲ್ಲಿ ಒಂದು ಸಾಲೂ ಇರಲಿಲ್ಲ. ಅದನ್ನೂ, ಪೇಟೆಯಲ್ಲಿ ಕೂತು ಹೂ ಮಾರಲು ನಮಗೊಂದು ಜಾಗ ಯಾಕೆ ಬೇಕು ಎಂಬುದನ್ನೂ ನಾನೇ ಬರೆಯೋಣ ಎಂದು ಕೂತಿದ್ದೇನೆ. ಪತ್ರ ಉದ್ದವಾದರೆ ಕ್ಷಮಿಸಬೇಕು.

ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಅಡಿಕೆ ತೋಟದ ಮನೆಯವಳು. ವಯಸ್ಸು 54. ನಮ್ಮದು ಒಂದೂವರೆ ಎಕರೆ ತೋಟ, ಎರಡು ಹಸು. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಮೂರು ವರ್ಷದ ಹಿಂದೆ ನಮ್ಮ ತೋಟಕ್ಕೂ ಎಲೆಚುಕ್ಕೆ ರೋಗ ಬಂತು. ಅಡಿಕೆಯ ಕೊಳೆರೋಗಕ್ಕಾದರೆ ಬೋರ್ಡೋ ದ್ರಾವಣ ಹೊಡೆಸಿ ಅಷ್ಟಿಷ್ಟು ತಡೆಯುವುದು ನಮಗೆ ಗೊತ್ತು. ಇದು ಮರದ ಗರಿಯನ್ನೇ, ಸೋಗೆಗೆ ಸೋಗೆಯನ್ನೇ ಸುಟ್ಟ ಹಾಗೆ ಮಾಡಿಬಿಟ್ಟಿತು. ಆ ವರ್ಷ ಅಡಿಕೆ ಕೊನೆಕೊಯ್ಲಿನ ಲೆಕ್ಕ ಬರೆದು ಮುಗಿಸಿದ ರಾತ್ರಿ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆಗ ನನಗೆ ಹೊಳೆದದ್ದು ಅಂಗಳದ ಡೇರೆ.

ಬಯಲುಸೀಮೆಯ ಓದುಗರಿಗೆ ಹೇಳಬೇಕು: ನೀವು ಡೇಲಿಯಾ ಅನ್ನುವುದನ್ನೇ ನಾವು ಡೇರೆ ಅನ್ನುತ್ತೇವೆ. ಸಾಗರ, ಶಿರಸಿ, ಸಿದ್ದಾಪುರದ ಕಡೆ ಮಳೆಗಾಲ ಬಂತೆಂದರೆ ಹೆಂಗಸರ ಬಾಯಲ್ಲಿ ಡೇರೆಯದೇ ಮಾತು. ಯಾರ ಮನೆಯಲ್ಲಿ ಯಾವ ಬಣ್ಣ, ಯಾರಿಗೆ ಯಾರು ಗಡ್ಡೆ ಕೊಟ್ಟರು, ಯಾರದ್ದು ಕೊಳೆತು ಹೋಯಿತು ಎಂಬುದೆಲ್ಲ ಊರಿಗೇ ಗೊತ್ತಿರುತ್ತದೆ. ಇದರ ತವರು ಮೆಕ್ಸಿಕೊ, ಅಲ್ಲಿಯ ರಾಷ್ಟ್ರೀಯ ಹೂವೇ ಇದು ಎಂದು ಮಗಳು ಓದಿ ಹೇಳಿದಳು. 1789ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ಗೆ ಬಂದು, ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬ ಸಸ್ಯಶಾಸ್ತ್ರಜ್ಞರ ಹೆಸರು ಪಡೆಯಿತಂತೆ. ನನ್ನ ಮನೆಗೆ ಅದು ಬಂದದ್ದು ಮದುವೆಯ ಮರುವರ್ಷ, ತವರಿನಿಂದ, ಅಡಿಕೆ ಹಾಳೆಯ ಕೊಟ್ಟೆಯಲ್ಲಿ ಬೂದಿ ತುಂಬಿ ಮಲಗಿಸಿದ ಐದು ಗಡ್ಡೆಯಾಗಿ. ಕಡುಗೆಂಪಿನ ಆ ಜಾತಿ ಈಗಲೂ ನಮ್ಮಲ್ಲಿದೆ. ಬೀಜ ಹಾಕಿದರೆ ತಾಯಿಯ ಬಣ್ಣವೇ ಬರುತ್ತದೆಂದು ಹೇಳಲಾಗದು. ಗಡ್ಡೆಯಿಂದಾದರೆ ಅದೇ ಬಣ್ಣ ಬರುತ್ತದೆ. ಅದಕ್ಕೇ ಒಂದೊಂದು ಗಡ್ಡೆಗೂ ಒಂದೊಂದು ಮನೆಯ ಹೆಸರು.

ಹೂ ಮಾರುತ್ತೇನೆ ಅಂದಾಗ ಮನೆಯಲ್ಲಿ ಮೊದಲು ಬೇಡ ಅಂದದ್ದು ಅತ್ತೆ. "ಹೂವು ಮಾರ್ತ್ಯನೇ? ನೋಡಿದವು ಎಂತ ಹೇಳ್ತ?" ಅಂದರು. ಅವರ ಮಾತಿನಲ್ಲಿ ಅರ್ಥವಿತ್ತು. ನಮ್ಮಲ್ಲಿ ಹೂವು ಕೊಟ್ಟು ತೆಗೆದುಕೊಳ್ಳುವ ವಸ್ತು. ಬಂದ ಮುತ್ತೈದೆಗೆ ಕುಂಕುಮದ ಜೊತೆ ಕೊಡುವುದು, ದೇವರಿಗೆ ಏರಿಸುವುದು, ಜಡೆಗೆ ಸಿಕ್ಕಿಸಿಕೊಳ್ಳುವುದು. ಅದಕ್ಕೆ ಬೆಲೆ ಕಟ್ಟಿದರೆ ಮನೆಯ ಮರ್ಯಾದೆಗೇ ಬೆಲೆ ಕಟ್ಟಿದ ಹಾಗೆ ಎಂದು ಅವರ ತಲೆಮಾರು ನಂಬಿತ್ತು. ನಾನು ವಾದ ಮಾಡಲಿಲ್ಲ. ಹಾಲು ಡೇರಿಗೆ ಹಾಕುವಾಗಲೂ ಮೊದಮೊದಲು ಹೀಗೇ ಅಂದಿದ್ದಿರಲ್ಲ ಅತ್ತೆ ಅಂದೆ. ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಬೆಳಿಗ್ಗೆ ನಾನು ಹೂ ಕೊಯ್ಯುವಾಗ ಅವರೇ ಬಾಳೆಪಟ್ಟೆಯ ನಾರು ಸೀಳಿ ಕಟ್ಟು ಕಟ್ಟಲು ತಂದಿಟ್ಟಿದ್ದರು.

ಮೊದಲ ವರ್ಷ ಮಾಡಿದ ತಪ್ಪನ್ನು ಬಿಚ್ಚಿ ಹೇಳುತ್ತೇನೆ, ಬೇರೆಯವರು ಮಾಡದಿರಲಿ ಎಂದು. ಎಲ್ಲರೂ ಕೊಳ್ಳುವ ಹೂವನ್ನೇ ಬೆಳೆಯಬೇಕು ಎಂದುಕೊಂಡು ಚೆಂಡುಹೂ ಹಾಕಿದೆ. ನಮ್ಮ ಮಳೆಗೆ ಅರ್ಧ ಗಿಡ ಮೊಗ್ಗಿನಲ್ಲೇ ಕೊಳೆಯಿತು. ಉಳಿದದ್ದನ್ನು ಆಯುಧಪೂಜೆಯ ಹಿಂದಿನ ದಿನ ಎರಡು ಚೀಲ ತುಂಬಿ ಪೇಟೆಗೆ ಒಯ್ದರೆ ಬಯಲುಸೀಮೆಯಿಂದ ಲಾರಿಗಟ್ಟಲೆ ಚೆಂಡುಹೂ, ಸೇವಂತಿಗೆ ಬಂದು ಇಳಿದಿತ್ತು. ಸಂಜೆ ಹೊತ್ತಿಗೆ ದರ ಕೇಳುವವರೇ ಇಲ್ಲ. ಒಂದು ಚೀಲವನ್ನು ದೇವಸ್ಥಾನಕ್ಕೆ ಕೊಟ್ಟು ಬಂದೆ, ಇನ್ನೊಂದು ಗೊಬ್ಬರದ ಗುಂಡಿಗೆ ಹೋಯಿತು. ಅದೇ ದಿನ ಚೀಲದ ಬಾಯಿಗೆ ಚಂದಕ್ಕೆಂದು ಸಿಕ್ಕಿಸಿದ್ದ ಆರೇಳು ಡೇರೆಯನ್ನು ಮಾತ್ರ ಒಬ್ಬ ಟೀಚರಮ್ಮ, "ಇದು ಎಷ್ಟಮ್ಮಾ?" ಎಂದು ಕೇಳಿ ಕೊಂಡುಹೋದರು. ಬೆಲೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವರೇ 50 ರೂಪಾಯಿ ಕೈಗಿಟ್ಟರು.

ಮನೆಗೆ ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ಲಾರಿಯಲ್ಲಿ ಡೇರೆ ಯಾಕೆ ಬಂದಿಲ್ಲ? ಬರಲಾರದು, ಅದಕ್ಕೇ ಬಂದಿಲ್ಲ. ಗುಲಾಬಿಯನ್ನು ಮೊಗ್ಗಿನಲ್ಲಿ ಕೊಯ್ದು ತಂಪು ಪೆಟ್ಟಿಗೆಯಲ್ಲಿಟ್ಟು ಎಲ್ಲಿಗೆ ಬೇಕಾದರೂ ಕಳಿಸಬಹುದು, ನೀರಿಗಿಟ್ಟರೆ ಅರಳುತ್ತದೆ. ಡೇರೆ ಹಾಗಲ್ಲ. ಬಿಗಿ ಮೊಗ್ಗನ್ನು ಕೊಯ್ದರೆ ಅದು ಮೊಗ್ಗಾಗಿಯೇ ಬಾಡುತ್ತದೆ. ಗಿಡದಲ್ಲೇ ಮುಕ್ಕಾಲು ಪಾಲು ಅರಳಿರಬೇಕು. ಅರಳಿದ ಮೇಲೆ ಒಂದರ ಮೇಲೊಂದು ಪೇರಿಸಿದರೆ ಎಸಳಿಗೆ ಕಂದು ಕಲೆ ಬೀಳುತ್ತದೆ. ಹೂದಾನಿಯಲ್ಲಿ ನಾಲ್ಕು ದಿನ, ಚೆನ್ನಾಗಿ ನೋಡಿಕೊಂಡರೆ ಐದಾರು ದಿನ ಇರುತ್ತದೆ. ಅದರಲ್ಲಿ ಎರಡು ದಿನ ಲಾರಿಯಲ್ಲೇ ಕಳೆದರೆ ವ್ಯಾಪಾರಿಗೆ ಏನು ಗಿಟ್ಟೀತು? ದೊಡ್ಡ ಮಾರುಕಟ್ಟೆ ಕೈಬಿಟ್ಟ ಹೂವೇ ಹಿತ್ತಿಲಿನವರ ಪಾಲಿನ ಹೂವು. ನಮ್ಮ ಮನೆಯಿಂದ ಪೇಟೆಗೆ 14 ಕಿಲೋಮೀಟರ್. ಬೆಳಿಗ್ಗೆ ಐದೂವರೆಗೆ ಕೊಯ್ದ ಹೂ ಎಂಟು ಗಂಟೆಗೆ ಗಿರಾಕಿಯ ಕೈಯಲ್ಲಿರುತ್ತದೆ. ಅಷ್ಟು ತಾಜಾ ಹೂವನ್ನು ಯಾವ ಲಾರಿಯೂ ತರಲಾರದು.

ಈಗ ಮೂರು ಗುಂಟೆಯಲ್ಲಿ 180 ಡೇರೆ ಗಿಡ, ಸುತ್ತ ಗ್ಲಾಡಿಯೋಲಸ್, ಬೇಲಿ ಬದಿಗೆ ಸುಗಂಧರಾಜ, ಮಳೆ ಇಳಿದ ಮೇಲೆ ಆಸ್ಟರ್. ಸುಗಂಧರಾಜದಲ್ಲಿ ಅರ್ಕಾ ಪ್ರಜ್ವಲ್, ಆಸ್ಟರಿನಲ್ಲಿ ಗುಲಾಬಿ ಬಣ್ಣದ ಕಾಮಿನಿ, ಬಿಳಿಯ ಪೂರ್ಣಿಮಾ. ಇವು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳು. ಗ್ಲಾಡಿಯೋಲಸ್ ಮಾತ್ರ ಡೇರೆಗೆ ಪೂರ್ತಿ ತದ್ವಿರುದ್ಧ. ಕೆಳಗಿನ ಒಂದೆರಡು ಮೊಗ್ಗಿನಲ್ಲಿ ಬಣ್ಣ ಕಂಡ ಕೂಡಲೇ ಕೊಯ್ಯಬೇಕು, ಉಳಿದದ್ದು ನೀರಿನಲ್ಲಿ ಒಂದೊಂದಾಗಿ ಅರಳುತ್ತದೆ. ಕೊಯ್ಯುವಾಗ ಗಿಡದಲ್ಲಿ ನಾಲ್ಕು ಎಲೆ ಬಿಡಬೇಕು, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಗಡ್ಡೆ ತುಂಬುವುದಿಲ್ಲ.

ಡೇರೆಯ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮೇ ಕೊನೆಗೆ ಅಟ್ಟದಿಂದ ಗಡ್ಡೆ ಇಳಿಸುತ್ತೇವೆ. ಗೆಣಸಿನಂಥ ಗಡ್ಡೆ ಎಷ್ಟೇ ದಪ್ಪ ಇರಲಿ, ಹಳೆಯ ಕಾಂಡದ ಬುಡಕ್ಕೆ ಅಂಟಿದ ಕುತ್ತಿಗೆಯಲ್ಲಿ ಕಣ್ಣು ಇಲ್ಲದಿದ್ದರೆ ಅದು ಹುಟ್ಟುವುದಿಲ್ಲ. ಇದು ಗೊತ್ತಿದ್ದೂ ನಾನು ಒಮ್ಮೆ ಫೋಟೋ ನೋಡಿ ಮರುಳಾಗಿ ಆನ್‌ಲೈನಿನಲ್ಲಿ 12 ಗಡ್ಡೆ ತರಿಸಿದೆ. ಬಂದದ್ದರಲ್ಲಿ ಏಳಕ್ಕೆ ಕುತ್ತಿಗೆಯೇ ಮುರಿದಿತ್ತು. ಏರುಮಡಿ ಮಾಡಿ, ಕೊಟ್ಟಿಗೆ ಗೊಬ್ಬರ, ದರಕು (ಒಣಗಿದ ಎಲೆ) ಹಾಕಿ ನೆಡಬೇಕು. ನೀರು ನಿಂತರೆ ಮುಗಿಯಿತು. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಬೇಕು. ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಚಿವುಟಿದ ಗಿಡ ಕವಲೊಡೆದು ಉದ್ದ ಕಾಂಡದ ಹೂ ಕೊಡುತ್ತದೆ, ಚಿವುಟದ್ದು ಒಂದು ದೊಡ್ಡ ಹೂ ಕೊಟ್ಟು ಗಾಳಿಗೆ ಮಲಗುತ್ತದೆ. ಆಧಾರಕ್ಕೆ ಅಡಿಕೆ ಮರದ ದಬ್ಬೆ (ಸೀಳು) ನೆಟ್ಟು ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟುತ್ತೇನೆ. ರಾತ್ರಿ ಟಾರ್ಚ್ ಹಿಡಿದು ಬಸವನಹುಳ ಹೆಕ್ಕುವುದು ನಮ್ಮ ಯಜಮಾನರ ಪಾಲಿನ ಕೆಲಸ.

ಕೊಯ್ಯುವುದರಲ್ಲೂ ಒಂದು ಸೂಕ್ಷ್ಮ ಇದೆ. ಡೇರೆಯ ಕಾಂಡ ಟೊಳ್ಳು. ಗಂಟಿನಿಂದ ಮೇಲೆ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಗಿಡದಲ್ಲಿ ಉಳಿದ ತುಂಡು ಲೋಟದ ಹಾಗೆ ಬಾಯಿ ತೆರೆದು ನಿಲ್ಲುತ್ತದೆ, ಅದರೊಳಗೆ ಮಳೆನೀರು ತುಂಬಿ ಬುಡದವರೆಗೆ ಕೊಳೆ ಇಳಿಯುತ್ತದೆ. ಗಂಟಿಗೆ ಹತ್ತಿ ಓರೆಯಾಗಿ ಕೊಯ್ಯಬೇಕು. ಕೊಯ್ದ ಕೂಡಲೇ ಪಕ್ಕದಲ್ಲೇ ಇಟ್ಟುಕೊಂಡ ಬಕೆಟ್ ನೀರಿಗೆ. ಆಮೇಲೆ ಬಚ್ಚಲೊಲೆಯ ಹಂಡೆಯಿಂದ ಕೈ ಸುಡುವಷ್ಟು ಬಿಸಿನೀರು ತೋಡಿ, ಕಾಂಡದ ತುದಿ ಎರಡು ಇಂಚು ಅದರಲ್ಲಿ ಮುಳುಗಿಸಿ, ನೀರು ತಣಿಯುವ ತನಕ ಕತ್ತಲೆ ಕೋಣೆಯಲ್ಲಿ ಇಡುತ್ತೇನೆ. ಹೀಗೆ ಮಾಡಿದ ಹೂ ನನ್ನ ಮನೆಯ ಹೂದಾನಿಯಲ್ಲಿ ಮಾಡದ್ದಕ್ಕಿಂತ ಒಂದು ದಿನ ಹೆಚ್ಚು ನಿಂತಿದೆ. ಬಿಸಿಲೇರಿದ ಮೇಲೆ ಕೊಯ್ದ ಹೂವಿಗೆ ಯಾವ ಉಪಚಾರವೂ ನಾಟುವುದಿಲ್ಲ.

ಐದು ಹೂ, ಒಂದಿಷ್ಟು ಜರಿಗಿಡದ ಎಲೆ ಸೇರಿಸಿ ಒಂದು ಕಟ್ಟು. "ವಾಸನೆ ಇಲ್ಲವಲ್ಲ ಇದಕ್ಕೆ" ಎಂದು ಹಲವರು ಕೇಳಿದರು. ಅಂದಿನಿಂದ ಎರಡು ಕದಿರು ಕಾಮಕಸ್ತೂರಿ ನಡುವೆ ಇಡುತ್ತೇನೆ. ಬಾಡಿಸಿದ ಬಾಳೆಲೆ ಸುತ್ತಿ ನಾರು ಕಟ್ಟಿದರೆ ಪ್ಲಾಸ್ಟಿಕ್ಕಿನ ಹಂಗಿಲ್ಲ. ಒಂದು ಕಟ್ಟಿಗೆ 60 ರೂಪಾಯಿ. ಹೂವನ್ನು ತೂಕಕ್ಕೆ ಕೊಡುವುದಿಲ್ಲ. ಕೆಜಿ ಲೆಕ್ಕಕ್ಕೆ ಇಳಿದ ದಿನ ಲಾರಿ ಹೂವಿನ ದರ ನಮ್ಮ ತಲೆಯ ಮೇಲೆ ಕೂರುತ್ತದೆ.

ಹೋದ ಹಂಗಾಮಿನ ಲೆಕ್ಕ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದೆಲ್ಲ ಬರೀ ಮಾತಾಗುತ್ತದೆ. ಆಗಸ್ಟ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ 14 ವಾರ, ವಾರದ ಎರಡೂ ದಿನ ಸೇರಿ ಸರಾಸರಿ 40 ಕಟ್ಟಿನಂತೆ 33,600 ರೂಪಾಯಿ. ಎರಡು ಮದುವೆಗೆ ಮಂಟಪಕ್ಕೆ ಕೊಟ್ಟದ್ದು 8,000. ಒಟ್ಟು 41,600. ಗೊಬ್ಬರ ಹೊರಲು ಆಳು, ಗ್ಲಾಡಿಯೋಲಸ್ ಗಡ್ಡೆ, ಬಕೆಟ್ಟು, ಬಸ್ಸು ಎಲ್ಲ ಸೇರಿ ಖರ್ಚು 11,200. ಕೈಯಲ್ಲಿ ಉಳಿದದ್ದು 30,400. ನನ್ನ ಮೈಮುರಿತದ ಕೂಲಿ ಇದರಲ್ಲಿ ಹಿಡಿದಿಲ್ಲ. ಇದರಿಂದ ಸಂಸಾರ ನಡೆಯುವುದಿಲ್ಲ, ನಡೆಯುತ್ತದೆ ಎಂದು ಯಾರಿಗೂ ಆಸೆ ಹುಟ್ಟಿಸಬಾರದು. ಆದರೆ ಅತ್ತೆಯ ಕಣ್ಣಿನ ಪೊರೆಯ ಆಪರೇಷನ್ನಿಗೆ ಆ ಹಣ ಆಯಿತು, ಅಡಿಕೆ ಮಂಡಿಯಿಂದ ಮುಂಗಡ ಕೇಳುವುದು ತಪ್ಪಿತು. ಪೊರೆ ತೆಗೆಸಿಕೊಂಡು ಮನೆಗೆ ಬಂದ ಅತ್ತೆ ಅಂಗಳದಲ್ಲಿ ನಿಂತು, ಹಳದಿ ಡೇರೆಯ ಎಸಳಿನ ತುದಿ ಬಿಳಿ ಎಂದು ತಮಗೆ ಗೊತ್ತೇ ಇರಲಿಲ್ಲ ಅಂದರು.

ಕೊಳ್ಳುವವರು ಯಾರು ಎಂದು ಕೇಳುತ್ತಾರೆ. ಹಬ್ಬದ ಮುನ್ನಾದಿನ ಎಲ್ಲರೂ. ಉಳಿದ ದಿನ ನಾಲ್ಕೈದು ಟೀಚರುಗಳು, ಎರಡು ಹೋಂಸ್ಟೇ, ಒಬ್ಬ ಡಾಕ್ಟರಮ್ಮನ ಕ್ಲಿನಿಕ್ಕು, ಒಂದು ಬೇಕರಿ. ನಾನು ಎಣಿಸದೇ ಇದ್ದ ಗಿರಾಕಿಗಳೆಂದರೆ ಚರ್ಚಿನವರು. ನವೆಂಬರ್ 2 ಅವರಿಗೆ ತೀರಿಹೋದವರನ್ನು ನೆನೆಯುವ ದಿನ. ಒಬ್ಬ ಕೊಂಕಣಿ ಮಾತಾಡುವ ಅಜ್ಜಿ ಹಿಂದಿನ ವಾರವೇ ಬಂದು, "ಬಿಳಿಯದ್ದು ಎಷ್ಟಿದೆಯೋ ಅಷ್ಟೂ ನನಗೆ ಬೇಕು" ಅಂದರು. ಅವರ ಯಜಮಾನರಿಗೆ ಡೇರೆ ಇಷ್ಟವಿತ್ತಂತೆ. ಅಂದಿನಿಂದ ಅವರಿಗಾಗಿಯೇ ಒಂದು ಸಾಲು ಬಿಳಿ ನೆಡುತ್ತೇನೆ.

ಇನ್ನು ಕಷ್ಟದ ವಿಷಯ. ಕೂರಲು ಜಾಗ ಇಲ್ಲ. ಹೂವಿನ ಬಕೆಟ್ ಇಟ್ಟುಕೊಂಡು ಒಂದು ಅಂಗಡಿಯ ಮುಂದೆ ನಿಂತರೆ ಅಂಗಡಿಯವರು ಬೈದರು. ಅವರ ಬಾಗಿಲಿಗೆ ಅಡ್ಡವಾಗುತ್ತದೆ, ತಪ್ಪೇನಿಲ್ಲ. ಬೀದಿಯ ಇನ್ನೊಂದು ಬದಿಗೆ ಹೋದರೆ ಬಿಸಿಲು, ಹತ್ತು ಗಂಟೆಗೆ ಡೇರೆ ತಲೆ ಹಾಕುತ್ತದೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂದಾಗ ನಮಗೂ ಖುಷಿಯಾಯಿತು. ಆದರೆ ನಮ್ಮ ದಾರಿಯಲ್ಲಿ ಬೆಳಿಗ್ಗೆ ಬರುವುದು ಖಾಸಗಿ ಬಸ್ಸೊಂದೇ. ನನಗೂ ಟಿಕೆಟ್, ಬಕೆಟ್ಟಿಗೂ ದುಡ್ಡು.

ಇನ್ನೊಂದು ಪ್ಲಾಸ್ಟಿಕ್ ಹೂವು. ಹೋದ ವರ್ಷ ಮಂಟಪ ಅಲಂಕಾರ ಮಾಡುವವರೊಬ್ಬರು 150 ಕಾಂಡ ಬೇಕು ಎಂದು ಹೇಳಿದ್ದವರು, ನಾನು ಗಿಡದಲ್ಲಿ ಹೂ ಕಾದಿಟ್ಟ ಮೇಲೆ, ಮದುವೆಯ ಎರಡು ದಿನ ಮೊದಲು ಬೇಡ ಅಂದರು. ಪ್ಲಾಸ್ಟಿಕ್ಕಿನದನ್ನೇ ಕಟ್ಟಿದರು. ತೊಳೆದು ಒಣಗಿಸಿ ಮತ್ತೆ ಮತ್ತೆ ಬಾಡಿಗೆಗೆ ಕೊಡಬಹುದು ಎಂಬುದು ಅವರ ಲೆಕ್ಕ. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಕೆಲವು ಸಾಮಾನುಗಳನ್ನು ನಿಷೇಧಿಸಿದಾಗ ಅಲಂಕಾರದ ಥರ್ಮೋಕೋಲ್ ಆ ಪಟ್ಟಿಯಲ್ಲಿತ್ತು, ಪ್ಲಾಸ್ಟಿಕ್ ಹೂವು ಇರಲಿಲ್ಲ. ಅದನ್ನೂ ಸೇರಿಸಿ ಎಂದು ಹೂ ಬೆಳೆಯುವವರೆಲ್ಲ ಒಂದೇ ದನಿಯಲ್ಲಿ ಕೇಳಬೇಕು. ತುಳಸಿ ಮುಂದೆ ದೀಪ ಹಚ್ಚುವ ನಾವು, ಮಗಳ ಧಾರೆ ಎರೆಯುವ ಮಂಟಪಕ್ಕೆ ತೊಳೆದ ಪ್ಲಾಸ್ಟಿಕ್ ಕಟ್ಟಿಸುವುದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ನಾನು ಕೇಳುವುದು ಒಂದನ್ನೇ. ಉಡುಪಿ ಜಿಲ್ಲೆಯ ಶಂಕರಪುರದ ಮಲ್ಲಿಗೆಯನ್ನು ನೋಡಿ. ಅಲ್ಲಿ ಮನೆ ಅಂಗಳದ ಹೂವೇ ಊರಿನ ಆರ್ಥಿಕತೆ. ಎಣಿಸಿ ಕಟ್ಟಿದ ಮಾಲೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದಿನದಿನದ ದರ ಹೂವಿನ ವ್ಯಾಪಾರ ನಡೆಯುವ ಕಟ್ಟೆಯಲ್ಲಿ ನಿಗದಿಯಾಗುತ್ತದೆ, ಹತ್ತು ಗಿಡ ಇದ್ದವಳಿಗೂ ನೂರು ಗಿಡ ಇದ್ದವಳಿಗೂ ಒಂದೇ ದರ. ಉಡುಪಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅಲ್ಲಿಯ ಹೆಂಗಸರು ನಮಗಿಂತ ಜಾಣೆಯರು ಎಂದೇನಿಲ್ಲ. ಅವರಿಗೆ ಕಟ್ಟೆ ಇದೆ, ನಮಗಿಲ್ಲ.

ಮಲೆನಾಡಿನ ತಾಲ್ಲೂಕು ಪೇಟೆಗಳಲ್ಲಿ ಬೆಳಿಗ್ಗೆ ಎಂಟರಿಂದ ಹನ್ನೊಂದರ ತನಕ, ವಾರಕ್ಕೆ ಎರಡು ದಿನ, ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಹಿತ್ತಿಲಿನ ಹೂವಿಗೆ ಒಂದು ನೆರಳಿನ ಜಾಗ ಬೇಕು. ಒಂದು ನಲ್ಲಿ ಇದ್ದರೆ ಸಾಕು. ಕಟ್ಟಡ ಬೇಡ, ಅನುದಾನ ಬೇಡ, ಉದ್ಘಾಟನೆಯೂ ಬೇಡ. ಬೀದಿ ಬದಿ ವ್ಯಾಪಾರಿಗಳಿಗಾಗಿ 2014ರಲ್ಲಿ ಕೇಂದ್ರದ ಕಾಯ್ದೆ ಬಂದಿದೆ. ಅದರ ಪ್ರಕಾರ ಪ್ರತಿ ಪಟ್ಟಣಕ್ಕೂ ಒಂದು ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿರುವ ವ್ಯಾಪಾರಿಗಳ ಪ್ರತಿನಿಧಿಗಳಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು ಇರಬೇಕು. ವರ್ಷವಿಡೀ ಕೂರುವವರ ಜಾಗವನ್ನು ನಾವು ಕಸಿಯುವುದಿಲ್ಲ, ವರ್ಷದ ಕೊನೆಯ ಐದು ತಿಂಗಳು ಬಂದು ಹೋಗುವವರು ನಾವು. ಆ ಸಮಿತಿಗಳಲ್ಲಿ ಹಂಗಾಮಿನ ಹೂವಿನವರ ಬಗ್ಗೆಯೂ ಒಂದು ಮಾತು ಆಗಲಿ. ಶಿರಸಿಯಲ್ಲಿ ಬೀಜ ಉಳಿಸುವ ಹೆಂಗಸರ ವನಸ್ತ್ರೀ ಸಂಘಟನೆಯವರು ಮಳೆಗಾಲಕ್ಕೆ ಮುಂಚೆ ನಡೆಸುವ ಮಲೆನಾಡು ಮೇಳದಲ್ಲಿ ಹೆಂಗಸರು ಬೀಜ, ಗಡ್ಡೆ, ಗಿಡ ತಂದು ಕೂರುವುದನ್ನು ನೋಡಿದವರಿಗೆ, ಹೀಗೊಂದು ಕಟ್ಟೆ ನಡೆದೀತೇ ಎಂಬ ಅನುಮಾನ ಬರಲಾರದು.

ನಾನೊಬ್ಬಳೇ ಆದರೆ ಹೇಗೋ ಆಗುತ್ತದೆ. ಆದರೆ ನನ್ನನ್ನು ನೋಡಿ ನಮ್ಮೂರಿನ ಇನ್ನಿಬ್ಬರು ಈ ವರ್ಷ ಶುರು ಮಾಡಿದ್ದಾರೆ. ಒಬ್ಬಳು ಗಂಡ ಇಲ್ಲದವಳು, ಹಿತ್ತಿಲು ಬಿಟ್ಟರೆ ಬೇರೆ ಜಮೀನಿಲ್ಲ. ಮೂವರೂ ಒಂದೇ ಅಂಗಡಿ ಮುಂದೆ ನಿಲ್ಲಲಾಗುವುದಿಲ್ಲ. ಬಣ್ಣ ಹಂಚಿಕೊಂಡಿದ್ದೇವೆ: ಅವಳು ಸಣ್ಣ ಗುಂಡು ಜಾತಿ, ಇನ್ನೊಬ್ಬಳು ಹಳದಿ-ಕಿತ್ತಳೆ, ನಾನು ಕೆಂಪು-ಬಿಳಿ. ಯಾರ ಹೂ ಉಳಿದಿದೆಯೋ ಅವಳ ಹೂವನ್ನು ಮೊದಲು ಮಾರುವುದು ಎಂದು ಮಾತಾಗಿದೆ.

ಅತ್ತೆಯ ಮಾತೊಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಹೂ ಮಾರುತ್ತೇನೆ, ಗಡ್ಡೆ ಮಾರುವುದಿಲ್ಲ. ಜನವರಿಯಲ್ಲಿ ಗಿಡ ಒಣಗಿದ ಮೇಲೆ ಗಡ್ಡೆ ಕಿತ್ತು, ನೆರಳಲ್ಲಿ ಆರಿಸಿ, ಬೂದಿ ಸವರಿ ಅಟ್ಟಕ್ಕೆ ಏರಿಸುವ ಮುಂಚೆ ಹೆಚ್ಚಾದದ್ದನ್ನು ತೆಗೆದಿಡುತ್ತೇನೆ. ಈ ಪತ್ರ ಓದಿ ಯಾರಿಗಾದರೂ ಬೆಳೆಯಬೇಕು ಅನ್ನಿಸಿದರೆ ಬನ್ನಿ. ಡಿಸೆಂಬರ್ ಮುಗಿಯುವ ತನಕ ಆಸ್ಟರ್ ಹೂ ಹಿಡಿದು ಬುಧವಾರ, ಶನಿವಾರ ಬೆಳಿಗ್ಗೆ ಸಾಗರದ ಬಸ್ ನಿಲ್ದಾಣದ ಹತ್ತಿರ ಇರುತ್ತೇನೆ. ಎರಡು ನೀಲಿ ಬಕೆಟ್, ಮೇಲೆ ಬಾಳೆಲೆ ಮುಚ್ಚಿರುತ್ತದೆ. ನಿಮ್ಮ ಹೆಸರು, ಊರು ಹೇಳಿಹೋಗಿ, ಗಡ್ಡೆ ತೆಗೆದಿಡುತ್ತೇನೆ. ಒಯ್ಯಲು ಬರುವಾಗ ನಿಮ್ಮ ಮನೆಯ ಜಾತಿ ಯಾವುದಾದರೂ ಇದ್ದರೆ ಒಂದು ತನ್ನಿ. ನೇರಳೆಯಲ್ಲಿ ಬಿಳಿ ಅಂಚಿನದು ನನ್ನಲ್ಲಿ ಇಲ್ಲ.

ಇಂತಿ,
ಅಡಿಕೆ ತೋಟದ ಮನೆಯ ಒಬ್ಬ ಓದುಗಿತ್ತಿ,
ಸಾಗರ ತಾಲ್ಲೂಕು